ಹಿಮಕ್ಕೆ ಹೊರಟವರ ರೂಮ್ ಲಿಸ್ಟ್

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಗವಿಸಿದ್ದೇಶನಿಗೆ ಮೊದಲಿನಿಂದಲೂ ಹೇಸಿಗೆ ಜಾಸ್ತಿ. ಹೋಟೆಲಿನಲ್ಲಿ ನೀರಿನ ಲೋಟ ಮುಂದಿಟ್ಟರೆ ಮೊದಲು ಬೆಳಕಿಗೆ ಹಿಡಿದು ನೋಡುತ್ತಾನೆ, ಆಮೇಲೆ ಕರ್ಚೀಫಿನಿಂದ ಅಂಚು ಒರೆಸುತ್ತಾನೆ, ಅಷ್ಟಾದರೂ ಮನಸ್ಸು ಒಪ್ಪದಿದ್ದರೆ ಲೋಟ ಮೇಲೆತ್ತಿ ಬಾಯಿಗೆ ಸುರಿದುಕೊಳ್ಳುತ್ತಾನೆ. ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಸೊರ್ ಎಂದು ಸಾರು ಹೀರಿದರೆ ಇವನ ಊಟ ಅಲ್ಲಿಗೆ ಮುಗಿಯಿತು. ಇಂಥವನ ಪಾಲಿಗೆ ಬಂದ ಕಸುಬು ನೋಡಿ: ದಿನವಿಡೀ ಊರಿನವರ ಮೂಗಿನ ಜಿಡ್ಡು, ಕಿವಿಯ ಹಿಂದಿನ ಬೆವರು ಮೆತ್ತಿಕೊಂಡ ಕನ್ನಡಕ ಒರೆಸುವುದು. ಒರೆಸುತ್ತಾನೆ, ಕೈ ತೊಳೆಯುತ್ತಾನೆ, ಇನ್ನೊಂದನ್ನು ಎತ್ತಿಕೊಳ್ಳುತ್ತಾನೆ. ಅಂಗಡಿಗೆ ಸೋಪು ಕಳಿಸಿ ಕಳಿಸಿ ಹೆಂಡತಿ ಸುಮಲತಾ ಸೋತುಹೋಗಿದ್ದಾಳೆ.

ಇಷ್ಟೆಲ್ಲ ಹೇಸುವ ಮನುಷ್ಯನಿಗೆ ಜನರನ್ನು ಕೂಡಿಸುವ ಚಟವೊಂದು ಅಂಟಿಕೊಂಡಿದೆ. ತೊಂಬತ್ತೊಂದನೇ ಇಸವಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರ ವಾಟ್ಸಾಪ್ ಗುಂಪು ಕಟ್ಟಿದವನು ಅವನೇ. ಮೇಷ್ಟ್ರುಗಳಿಗೆ ಶಾಲು ಹೊದಿಸಿದ್ದು, ದಾಂಡೇಲಿಗೆ ಹೋಗಿಬಂದದ್ದು, ಯಾರಿಗೋ ಆಪರೇಷನ್ ಆದಾಗ ರಕ್ತ ಹೊಂದಿಸಿದ್ದು, ಎಲ್ಲಕ್ಕೂ ಓಡಾಡಿದವನು ಅವನೇ. ಮಿಕ್ಕವರು ಹೆಬ್ಬೆರಳಿನ ಚಿತ್ರ ಒತ್ತಿ ಪಾಲ್ಗೊಳ್ಳುತ್ತಾರೆ. ಐವತ್ತು ತುಂಬಿದ ನೆಪದಲ್ಲಿ ಒಂದು ದಿನ ಗುಂಪಿನಲ್ಲಿ ಯಾರೋ ಹಿಮದ ಮೇಲೆ ಜಾರುವವರ ವಿಡಿಯೋ ಹಾಕಿದರು. ನಾವೂ ಹೋಗೋಣ ಎಂದು ಹನ್ನೆರಡು ಜನ ಎದ್ದು ನಿಂತರು. ಬಿಸಿಲಿಗೆ ಡಾಂಬರು ಕರಗುವ ಸೀಮೆಯವರಿಗೆ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆ, ಅಷ್ಟೇ. ಆದರೂ ಹೊರಟರು, ಮತ್ತು ಎಲ್ಲ ಕೆಲಸ ಗವಿಸಿದ್ದೇಶನ ತಲೆಗೆ ಕಟ್ಟಿದರು.

ಹಿಮಾಚಲದಲ್ಲಿ ಎಲ್ಲರ ಕೈಗೆಟಕುವಂಥ ಒಂದೇ ರೆಸಾರ್ಟ್ ಸಿಕ್ಕಿತು. ಅಲ್ಲಿಗೆ ಹೋಗಿಬಂದವರು ಬರೆದ ಅಭಿಪ್ರಾಯಗಳನ್ನು ಗವಿಸಿದ್ದೇಶ ಕೂತು ಓದಿದ. ಓದಬಾರದಿತ್ತು. ಹೊದಿಕೆಯಲ್ಲಿ ಹಿಂದಿನವರ ಕೂದಲು. ಬಾತ್‌ರೂಮಿನ ಮುಂದೆ ಸಾಲು. ಬಾಡಿಗೆಗೆ ಕೊಡುವ ದಪ್ಪ ಅಂಗಿಗಳಿಗೆ ಮೂರು ರಾಜ್ಯದವರ ಬೆವರಿನ ವಾಸನೆ. ಹಿಮದ ಮೇಲೆ ಜಾರಲು ಕೊಡುವ ಸ್ಕೀ ಬೂಟುಗಳ ಕತೆಯಂತೂ ಕೇಳುವುದೇ ಬೇಡ. ಜನ ಎಷ್ಟೆಂದರೆ, ಒಬ್ಬರ ಕಾಲಿನಿಂದ ಕಿತ್ತ ಬೂಟು ಬಿಸಿಯಾರುವ ಮೊದಲೇ ಇನ್ನೊಬ್ಬರ ಕಾಲಿಗೆ ಏರುತ್ತದಂತೆ. ಗವಿಸಿದ್ದೇಶ ಎದ್ದುಹೋಗಿ ಕೈ ತೊಳೆದುಕೊಂಡು ಬಂದ. ಆಮೇಲೆ ಇದೆಲ್ಲವನ್ನೂ ಮುಚ್ಚಿಡದೆ ಗುಂಪಿನಲ್ಲಿ ಹಾಕಿದ. ಒಬ್ಬನಾದರೂ ಹಿಂದೆ ಸರಿದಾನು ಅಂದುಕೊಂಡರೆ, ಬೀಜ ಗೊಬ್ಬರದ ಅಂಗಡಿಯ ಶಿವಯೋಗಪ್ಪ ಉತ್ತರ ಬರೆದ. ಪ್ರವಾಸ ಅಂದ ಮೇಲೆ ಅಡ್ಜಸ್ಟ್ ಮಾಡಿಕೊಳ್ಳಬೇಕು, ಎರಡು ಜೊತೆ ಸಾಕ್ಸ್ ಹಾಕಿಕೊಂಡರಾಯಿತು ಎಂದ. ಎಲ್ಲರೂ ಅದಕ್ಕೆ ಹೆಬ್ಬೆರಳು ಒತ್ತಿದರು.

ಇಡೀ ಗುಂಪಿನಲ್ಲಿ ಹಿಮ ಕಂಡವನು ಪ್ರಬುದ್ಧ ಒಬ್ಬನೇ. ಹದಿನೇಳು ವರ್ಷ ಸೈನ್ಯದಲ್ಲಿದ್ದು, ಅದರಲ್ಲಿ ನಾಲ್ಕು ಚಳಿಗಾಲ ಬೆನ್ನ ಮೇಲೆ ಸಾಮಾನು ಹೊತ್ತು ಸ್ಕೀ ಮೇಲೆ ಓಡಾಡಿದವನು. ಈಗ ಹಗರಿಬೊಮ್ಮನಹಳ್ಳಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತಾನೆ. ಮಾತು ಕಡಿಮೆ. ಐದು ವರ್ಷದಲ್ಲಿ ಗುಂಪಿಗೆ ಅವನು ಹಾಕಿದ ಮೆಸೇಜು ಎರಡೋ ಮೂರೋ. ಹಿಮದ ಮಾತು ಬಂದ ದಿನ ಮಾತ್ರ ಉದ್ದಕ್ಕೆ ಬರೆದ: ಯಾವ ಬೂಟು, ಎಷ್ಟು ಬಿಗಿ, ಹೇಗೆ ನಿಲ್ಲಬೇಕು, ಹೇಗೆ ಬೀಳಬೇಕು. ಗವಿಸಿದ್ದೇಶ ಕೂಡಲೇ ಫೋನ್ ಮಾಡಿ, ನೀನು ಬಂದರೆ ಮಾತ್ರ ಈ ಪ್ರವಾಸ, ಇಲ್ಲದಿದ್ದರೆ ಇಲ್ಲ ಎಂದು ಮಾತು ಕೊಟ್ಟ. ಮತ್ತೆ ಆ ಹಿಮದಲ್ಲಿ ಒಂದು ಸಲ ನಿಂತು ನೋಡಬೇಕು ಎಂಬ ಆಸೆ ತನಗೂ ಇದೆ ಎಂದು ಪ್ರಬುದ್ಧ ಹೇಳಿದ್ದು ಆಗಲೇ. ಅವನು ಏನನ್ನಾದರೂ ಬೇಕು ಎಂದದ್ದನ್ನು ಗವಿಸಿದ್ದೇಶ ಕೇಳಿದ್ದು ಅದೇ ಮೊದಲು.

ಒಂದು ಭಾನುವಾರ ಹಳೆಯ ಶಾಲೆಯ ಬಯಲಿನಲ್ಲಿ ತರಬೇತಿಯೂ ಆಯಿತು. ಹನ್ನೊಂದು ಹೊಟ್ಟೆಗಳನ್ನು ಸಾಲಾಗಿ ನಿಲ್ಲಿಸಿ ಪ್ರಬುದ್ಧ ಮಂಡಿ ಬಗ್ಗಿಸಿದ. ಬಗ್ಗಿದವರು ಏಳಲಾರದೆ ಅವನ ಹೆಗಲು ಹಿಡಿದರು, ಸೊಂಟ ಹಿಡಿದರು. ಶಿವಯೋಗಪ್ಪನಂತೂ ಪೂರ್ತಿ ಅವನ ಬೆನ್ನಿಗೆ ಬಿದ್ದು ಜೋತುಕೊಂಡ. ಪ್ರಬುದ್ಧ ಒಬ್ಬೊಬ್ಬರನ್ನೂ ಕಂಕುಳಿಗೆ ಕೈಹಾಕಿ ಎಬ್ಬಿಸಿ ನಿಲ್ಲಿಸಿದ. ಆಮೇಲೆ ಎಲ್ಲರೂ ಮಿರ್ಚಿ ಮಂಡಕ್ಕಿ ತಿಂದರು. ಅಲ್ಲಿ ನನ್ನ ಕೈ ಬಿಡಬೇಡ ಮಾರಾಯ ಎಂದು ಅವನಿಗೆ ಹೇಳದವರೇ ಇರಲಿಲ್ಲ.

ಮಾರನೇ ವಾರ ರೆಸಾರ್ಟಿನವರು ರೂಮ್ ಲಿಸ್ಟ್ ಕೇಳಿದರು. ಒಂದು ರೂಮಿಗೆ ನಾಲ್ಕು ಮಂಚ. ಹನ್ನೆರಡು ಜನ, ಮೂರು ರೂಮು, ಚಿಕ್ಕ ಮಕ್ಕಳೂ ಮಾಡುವ ಲೆಕ್ಕ. ಗವಿಸಿದ್ದೇಶ ಒಂದನೇ ರೂಮಿನಲ್ಲಿ ತನ್ನ ಹೆಸರು ಮತ್ತು ದಿನಾ ಅಂಗಡಿಗೆ ಬಂದು ಹರಟುವ ಮೂವರದು ಬರೆದ. ಎರಡನೆಯದರಲ್ಲಿ ಶಿವಯೋಗಪ್ಪ, ಹರಪನಹಳ್ಳಿಯ ಲೆಕ್ಚರರ್ ಅರುಣಕುಮಾರ್, ಕೂಡ್ಲಿಗಿಯಲ್ಲಿ ಕುರಿ ವ್ಯಾಪಾರ ಮಾಡುವ ಚೌಡಣ್ಣ, ಮತ್ತು ಪ್ರಬುದ್ಧ. ಮೂರನೆಯದರಲ್ಲಿ ಉಳಿದವರು. ಬೆಳಿಗ್ಗೆ ಹತ್ತಕ್ಕೆ ಗುಂಪಿನಲ್ಲಿ ಲಿಸ್ಟ್ ಹಾಕಿದ. ಆಶ್ಚರ್ಯ ಎಂಬಂತೆ ಒಂದು ಹೆಬ್ಬೆರಳೂ ಬರಲಿಲ್ಲ. ಹತ್ತೂವರೆಗೆ ಫೋನುಗಳು ಶುರುವಾದವು.

ಮೊದಲು ಶಿವಯೋಗಪ್ಪ. ಬೆಳಿಗ್ಗೆ ತನಗೆ ಲಿಂಗಪೂಜೆ ಇರುತ್ತದೆ, ರೂಮಿನಲ್ಲಿ ಮಡಿ ಬೇಕಾಗುತ್ತದೆ, ಬೇರೆ ಏನೂ ಅಲ್ಲ ಎಂದ. ದಾಂಡೇಲಿಯಲ್ಲಿ ಇದೇ ಮಹಾಶಯ ಒಂಬತ್ತಕ್ಕೆ ಎದ್ದು, ಮುಖ ಕೂಡ ತೊಳೆಯದೆ ಏಳು ಇಡ್ಲಿ ತಿಂದದ್ದನ್ನು ಗವಿಸಿದ್ದೇಶ ಕಣ್ಣಾರೆ ನೋಡಿದ್ದ. ಆಮೇಲೆ ಚೌಡಣ್ಣ. ತಮ್ಮದು ಮೈಲಾರಕ್ಕೆ ನಡೆದುಕೊಳ್ಳುವ ಮನೆತನ, ಊರಲ್ಲಿ ಗೊತ್ತಾದರೆ ಹಿರಿಯರು ಕೇಳುತ್ತಾರೆ ಎಂದ. ಕುರಿ ಮಾರಲು ಹೋದಲ್ಲಿ ಲಾಡ್ಜಿನ ಯಾವ ಮಂಚದಲ್ಲಿ ಯಾರು ಮಲಗಿದ್ದರೆಂದು ಈ ಹಿರಿಯರು ಯಾವತ್ತೂ ಕೇಳಿದ್ದಿಲ್ಲ. ಕೊನೆಗೆ ಅರುಣಕುಮಾರ್. ಅವನದು ಎಲ್ಲಕ್ಕಿಂತ ಹೊಲಸು.

"ನಂಗೇನೂ ಇಲ್ಲಪ್ಪ ಗವಿ, ನಾನು ಕ್ಲಾಸಲ್ಲಿ ಸಂವಿಧಾನ ಪಾಠ ಮಾಡೋನು. ಆದ್ರೆ ಅವನಿಗೇ ಮುಜುಗರ ಆಗ್ತತಿ ನೋಡು ನಮ್ ಜೊತಿ. ಅವನ ಸಲುವಾಗೇ ಹೇಳ್ತಿದೀನಿ."

ಪ್ರಬುದ್ಧ ಹುಟ್ಟಿದ್ದು ಊರಾಚೆಯ ಕೇರಿಯಲ್ಲಿ. ಅದನ್ನು ಮೂವರಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಜಾತಿ ಎಂಬ ಮಾತನ್ನು ಬಳಸದೆ ಜಾತಿಯ ಮಾತಾಡುವ ಕಲೆ ನಮ್ಮಲ್ಲಿ ಓದಿದಷ್ಟೂ ಹೆಚ್ಚು. ಫೋನಿಟ್ಟ ಗವಿಸಿದ್ದೇಶ ಎದ್ದುಹೋಗಿ ಮತ್ತೆ ಕೈ ತೊಳೆದ. ಲೋಟದ ಅಂಚಿನ ಜಿಡ್ಡಿಗೆ ಹೇಸಿದವನು, ಹೊದಿಕೆಯ ಕೂದಲಿಗೆ ಹೇಸಿದವನು. ಅವೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ದೇಶದ ಮೂಲೆಮೂಲೆಯ ಜನರ ಕಾಲು ತೂರಿದ ಬೂಟಿಗೆ ಇವರ ಮಡಿ ಅಡ್ಡ ಬರುವುದಿಲ್ಲ. ಯಾರ ಬೆವರೋ ಗೊತ್ತಿಲ್ಲದ ಅಂಗಿಗೆ ಅಡ್ಡ ಬರುವುದಿಲ್ಲ. ಬಿದ್ದಾಗ ಎಬ್ಬಿಸಲು ಪ್ರಬುದ್ಧನ ಕೈ ಬೇಕು. ಅದೇ ಮನುಷ್ಯ ನಾಲ್ಕಡಿ ಆಚೆಯ ಮಂಚದಲ್ಲಿ ಮಲಗಿ ಉಸಿರಾಡಬಾರದು. ಥೂ, ಇವರ ಜನ್ಮಕ್ಕಿಷ್ಟು ಬೆಂಕಿ ಹಾಕ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ಅನ್ನ ಬಿಟ್ಟು ಮೂವರನ್ನೂ ವಂಶ ಸಮೇತ ಬೈದ. ಶಿವಯೋಗಪ್ಪನ ಪೂಜೆಯಿಂದ ಹಿಡಿದು ಅರುಣಕುಮಾರನ ಸಂಬಳದವರೆಗೆ ಒಂದನ್ನೂ ಬಿಡಲಿಲ್ಲ. ಸುಮಲತಾ ರೊಟ್ಟಿಯ ಬುಟ್ಟಿ ಮುಂದಕ್ಕೆ ತಳ್ಳುತ್ತ ಕೇಳಿಸಿಕೊಂಡಳು.

"ಬೈಯೋದ್ರಾಗ ನೀವು ಭಾಳ ಶ್ಯಾಣ್ಯಾರದೀರಿ. ಈಗ ಏನು ಮಾಡ್ತೀರಿ ಅದನ್ನ ಹೇಳ್ರಿ," ಎಂದಳು.

ಏನು ಮಾಡುವುದು? ಪ್ರವಾಸವನ್ನೇ ರದ್ದು ಮಾಡಿಬಿಡಲೇ ಅಂದುಕೊಂಡ. ಹಾಗೆ ಮಾಡಿದರೆ ಕಾರಣ ಹೇಳಬೇಕಾಗುತ್ತದೆ. ಗುಂಪಿನಲ್ಲೇ ಮೂವರ ಮಾನ ಹರಾಜು ಹಾಕೋಣವೆಂದರೆ ಅದನ್ನು ಪ್ರಬುದ್ಧನೂ ಓದುತ್ತಾನೆ. ಮೂರನೇ ರೂಮಿನವರನ್ನು ಕೇಳೋಣವೆಂದರೆ, ಅವರ ಬಾಯಿಂದ ಇನ್ನೇನು ಕೇಳಬೇಕಾಗುತ್ತದೋ ಎಂದು ಕೈ ಹಿಂದೆ ಬಂತು. ಎರಡು ದಿನ ಹೀಗೆ ಕುದ್ದ. ಗಿರಾಕಿಗಳ ಮೇಲೆ ರೇಗಿದ. ಮೂರನೇ ದಿನ ರೆಸಾರ್ಟಿಗೆ ಫೋನ್ ಮಾಡಿದಾಗ ಅವರೇ ಹೇಳಿದರು, ಕೊನೆಯಲ್ಲಿ ಒಂದು ಸಣ್ಣ ರೂಮು ಖಾಲಿ ಇದೆ, ಬೇಕಾದರೆ ತೆಗೆದುಕೊಳ್ಳಿ ಎಂದು.

ಗವಿಸಿದ್ದೇಶ ಬೆಲೆಯನ್ನೂ ಕೇಳದೆ ಹೂಂ ಅಂದ. ಕೂಡಲೇ ಗುಂಪಿನಲ್ಲಿ ಬರೆದ: ಪ್ರಬುದ್ಧ ನಮ್ಮ ಕೋಚ್, ಕೋಚ್ ಸಾಹೇಬರಿಗೆ ಪ್ರತ್ಯೇಕ ರೂಮು. ಎರಡು ನಿಮಿಷದಲ್ಲಿ ಹೆಬ್ಬೆರಳುಗಳು, ಚಪ್ಪಾಳೆಗಳು, ಹೂಗುಚ್ಛಗಳು ಉದುರಿದವು. ಅರುಣಕುಮಾರ್ ಇದು ನಿಜವಾದ ಗೌರವ ಎಂದು ಬರೆದ. ಅದನ್ನು ಓದಿ ಗವಿಸಿದ್ದೇಶನಿಗೆ ಮತ್ತೆ ಹೇಸಿಗೆಯಾದರೂ, ಹೇಗೋ ಪ್ರಬುದ್ಧನ ಮನಸ್ಸು ನೋಯದಂತೆ ಪಾರು ಮಾಡಿದೆನಲ್ಲ ಎಂಬ ಸಮಾಧಾನವೂ ಜೊತೆಗಿತ್ತು. ಪ್ರಬುದ್ಧ ಮಾತ್ರ ಏನೂ ಬರೆಯಲಿಲ್ಲ. ಸಂಜೆಯವರೆಗೂ ಬರೆಯಲಿಲ್ಲ.

ಮಾರನೇ ದಿನ ಗವಿಸಿದ್ದೇಶ ಲಿಸ್ಟಿನ ಪ್ರಿಂಟ್ ತೆಗೆದುಕೊಂಡು ಬೈಕಿನಲ್ಲಿ ಹಗರಿಬೊಮ್ಮನಹಳ್ಳಿಗೆ ಹೋದ. ಊಟದ ಬಿಡುವಿಗೆ ಪ್ರಬುದ್ಧ ಬಂದೂಕನ್ನು ಒಳಗಿಟ್ಟು ಹೊರಗೆ ಬಂದ. ಬ್ಯಾಂಕಿನ ಪಕ್ಕದ ಚಹಾ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಯೂನಿಫಾರ್ಮಿನ ಇಸ್ತ್ರಿಯ ಗೆರೆ ಕೂಡ ಮುರಿಯದಂತೆ ಕೂರುವ ಮನುಷ್ಯ ಅವನು. ಬ್ಯಾಚಿನಲ್ಲಿ ತನ್ನಷ್ಟು ಚೊಕ್ಕಟ ಇರುವವನು ಇವನೊಬ್ಬನೇ ಎಂದು ಗವಿಸಿದ್ದೇಶ ಎಷ್ಟೋ ಸಲ ಅಂದುಕೊಂಡಿದ್ದ.

ಗವಿಸಿದ್ದೇಶ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಹೇಳಿದ. ಕೋಚ್ ಅಂದ ಮೇಲೆ ಬೆಳಿಗ್ಗೆ ಬೇಗ ಏಳಬೇಕು, ಉಳಿದವರ ಗೊರಕೆ, ಗಲಾಟೆ, ನಿನಗ್ಯಾಕೆ ಆ ರಗಳೆ, ಆರಾಮಾಗಿ ಇರು ಅಂತಲೇ ತಾನು ಮುಂದೆ ನಿಂತು ಈ ರೂಮು ಮಾಡಿಸಿದೆ ಎಂದ. ಪ್ರಬುದ್ಧ ಕಾಗದ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಹೆಸರು ಓದಿದ.

"ಸೈನ್ಯದಾಗ ಒಂದು ತಗಡಿನ ಶೆಡ್ಡಿನ್ಯಾಗ ಇಪ್ಪತ್ತು ಮಂದಿ ಮಲಗ್ತಿದ್ವಿ," ಎಂದ. "ಚಳಿ ತಡೀಲಾರದ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು. ಹೋಗ್ಲಿ ಬಿಡು. ಯಾರ್ಯಾರು ಫೋನ್ ಮಾಡಿದ್ರು ಅಂತ ನಾ ಕೇಳಂಗಿಲ್ಲ. ಈ ಸಣ್ಣ ರೂಮಿನ್ಯಾಗ ಮಂಚ ಎಷ್ಟದಾವ?"

"ಎರಡು."

"ಇನ್ನೊಂದು ಯಾರಿಗೆ?"

ಗವಿಸಿದ್ದೇಶ ಬಗ್ಗಿ ಕಾಗದ ನೋಡಿದ, ಆ ಜಾಗ ಖಾಲಿಯಿತ್ತು. ಮೂರು ದಿನ ಅವನು ಊಟ ಬಿಟ್ಟಿದ್ದ, ಮೂವರನ್ನು ಬೈದಿದ್ದ, ರೆಸಾರ್ಟಿನವರ ಕಾಲು ಹಿಡಿಯುವುದೊಂದು ಬಾಕಿ. ಅಷ್ಟು ಹೊತ್ತಿನಲ್ಲಿ ಒಂದು ಸಲವಾದರೂ ತನ್ನ ಹೆಸರನ್ನು ಆ ರೂಮಿನಲ್ಲಿ ಬರೆಯೋಣ ಅನ್ನಿಸಿರಲಿಲ್ಲ. ಅನ್ನಿಸಿ, ಬೇಡವೆಂದು ತಳ್ಳಿಹಾಕಿದ್ದರೆ ಅದೊಂದು ಮಾತು. ಅನ್ನಿಸಿಯೇ ಇರಲಿಲ್ಲ. ಮೊದಲ ದಿನವೇ ಒಂದನೇ ರೂಮಿನಲ್ಲಿ ತನ್ನ ಹೆಸರು ಬರೆದು, ಪ್ರಬುದ್ಧನನ್ನು ಎರಡನೆಯದಕ್ಕೆ ಹಾಕಿದಾಗಲೂ ಕೈ ತಾನಾಗಿಯೇ ಬರೆದುಕೊಂಡು ಹೋಗಿತ್ತು. ಆ ಕೈಗೆ ಯಾರೂ ಫೋನ್ ಮಾಡಿ ಹೇಳಿರಲಿಲ್ಲ.

ಅವನು ಜೇಬಿನಿಂದ ಪೆನ್ನು ತೆಗೆದ. ಪ್ರಬುದ್ಧನ ಕೈಯಿಂದ ಕಾಗದ ಕಸಿದುಕೊಂಡಂತೆ ತೆಗೆದುಕೊಂಡು, ಮೇಲಿನ ತನ್ನ ಹೆಸರನ್ನು ಹೊಡೆದುಹಾಕಿ, ಕೆಳಗೆ ಪ್ರಬುದ್ಧನ ಹೆಸರಿನ ಪಕ್ಕದಲ್ಲಿ ಬರೆದ. ಬರೆದು ತಲೆ ಎತ್ತಿ ನೋಡಿದ.

ಪ್ರಬುದ್ಧನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. "ನಾ ಕೇಳಿದ ಮ್ಯಾಲ ಬರದಿ, ಗವಿ," ಎಂದ. ಚಹಾದ ಕೊನೆಯ ಗುಟುಕು ಕುಡಿದು ಎದ್ದು ನಿಂತ. "ನನ್ನ ಹೆಸರು ತಗದುಬಿಡು. ರಜಾ ಸಿಗಲಿಲ್ಲ ಅಂತ ಹೇಳು. ಎಲ್ಲಾರಿಗೂ ಹಗುರಾಗ್ತೈತಿ."

ಅವನು ಬ್ಯಾಂಕಿನೊಳಗೆ ಹೋದ. ಗವಿಸಿದ್ದೇಶ ಬೆಂಚಿನ ಮೇಲೆ ಕೂತೇ ಇದ್ದ. ಎದ್ದುಹೋಗಿ ಅವನ ಕೈ ಹಿಡಿಯಬೇಕಿತ್ತು, ಇಲ್ಲವೇ ಗುಂಪಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು ಪ್ರವಾಸಕ್ಕೆ ಎಳ್ಳುನೀರು ಬಿಡಬೇಕಿತ್ತು. ಎರಡೂ ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಫೋನು ಸದ್ದು ಮಾಡಿತು. ಕೋಚ್ ಸಾಹೇಬರು ಏನಂದರು ಎಂದು ಶಿವಯೋಗಪ್ಪ ಗುಂಪಿನಲ್ಲಿ ಕೇಳಿದ್ದ. ಗವಿಸಿದ್ದೇಶ ಟೈಪ್ ಮಾಡಿದ, ಅಳಿಸಿದ, ಮತ್ತೆ ಟೈಪ್ ಮಾಡಿ ಕಳಿಸಿಬಿಟ್ಟ: ಪ್ರಬುದ್ಧನಿಗೆ ರಜೆ ಸಿಗಲಿಲ್ಲವಂತೆ.

ಅಯ್ಯೋ ಪಾಪ ಎಂದು ಅರುಣಕುಮಾರ್ ಬರೆದ. ಮುಂದಿನ ಸಲ ನೋಡೋಣ ಎಂದು ಚೌಡಣ್ಣ ಬರೆದ. ಹಾಗಾದರೆ ಆ ಸಣ್ಣ ರೂಮು ತನಗೇ ಇರಲಿ, ಪೂಜೆಗೆ ಅನುಕೂಲ ಎಂದು ಶಿವಯೋಗಪ್ಪ ಬರೆದ. ಅದನ್ನು ಓದುವಾಗ ಗವಿಸಿದ್ದೇಶನಿಗೆ ಉಕ್ಕಿಬಂದ ಹೇಸಿಗೆಯಲ್ಲಿ ಆ ಮೂವರ ಪಾಲು ಬಹಳ ಕಡಿಮೆ ಇತ್ತು. ಆಗಲಿ ಎಂದು ಅವನು ಹೆಬ್ಬೆರಳು ಒತ್ತಿದ.