ಸೋಪು ಕೆತ್ತಿದ ಡ್ರಾಯಿಂಗ್ ಮೇಷ್ಟ್ರು

ಮೇಷ್ಟ್ರ ಬಲಗೈ ನಡುಗುತ್ತಿತ್ತು. ಸುಮ್ಮನೆ ತೊಡೆಯ ಮೇಲಿಟ್ಟಾಗಲೂ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು, ಕಾಣದ ಪೆನ್ಸಿಲ್ಲೊಂದನ್ನು ಹೊರಳಿಸುವ ಹಾಗೆ. ಕೊಳ್ಳೇಗಾಲದ ನಮ್ಮ ಬೀದಿಯ ಕೊನೆಮನೆಯವರು. ಐಟಿಐ ಹುಡುಗರಿಗೆ ಟೆಕ್ನಿಕಲ್ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರು ಎಳೆದ ಗೆರೆಗೆ ಸ್ಕೇಲು ಇಟ್ಟು ನೋಡುವ ಅಗತ್ಯವೇ ಇರಲಿಲ್ಲವೆಂದು ಹಳೆಯ ಶಿಷ್ಯರು ಈಗಲೂ ಹೇಳುತ್ತಾರೆ. ಆ ಕೈಗೆ ಹೀಗಾಗಬೇಕಿತ್ತೇ ಎಂದು ನನಗೆ ದೇವರ ಮೇಲೇ ಸಿಟ್ಟು ಬರುತ್ತಿತ್ತು.

ನಾನು ಹೂಗ್ಯಂ ಕಡೆಯ ಕಾಡಂಚಿನ ಪ್ರೈಮರಿ ಶಾಲೆಯೊಂದರಲ್ಲಿ ಟೀಚರು. ಐದನೇ ತರಗತಿಯವರಿಗೆ ಟೆಕ್ನಿಕಲ್ ಡ್ರಾಯಿಂಗ್ ಪರಿಚಯಿಸಿ ಎಂದು ಹೆಡ್‌ಮಾಸ್ಟರು ನನ್ನ ತಲೆಗೆ ಕಟ್ಟಿದರು. ವಸ್ತುವೊಂದು ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಹೇಗೆ ಕಾಣುತ್ತದೋ ಹಾಗೆ ಬರೆಯುವುದು. ನನಗೇ ಅದರ ತಲೆಬುಡ ಗೊತ್ತಿರಲಿಲ್ಲ. ಮೇಷ್ಟ್ರ ಹತ್ತಿರ ಓಡಿದೆ.

"ಅಷ್ಟ್ ಸಣ್ಣ ಮಕ್ಳಿಗಾ? ಯಾವ ಪುಣ್ಯಾತ್ಮ ಏಳಿದ್ದವ್ವ?" ಎಂದು ರೇಗಿದರು. ಮುಂದಿನ ಭಾನುವಾರ ಹೋದರೆ ಜಗುಲಿಯ ತುಂಬ ಬಟ್ಟೆ ಸೋಪಿನ ಚೂರು. ಎಡಗೈಯಲ್ಲಿ ಚಾಕು ಹಿಡಿದು ಮೆಟ್ಟಿಲು, ಮನೆ, ಗೋಪುರ ಕೆತ್ತಿಟ್ಟಿದ್ದರು. "ಸೋಪು ತಂದದ್ದೇ ಬಂತು, ಒಂದಾದ್ರೂ ಬಟ್ಟೆ ಮುಟ್ನಿಲ್ಲ" ಎಂದು ಅವರ ಹೆಂಡತಿ ಗೊಣಗುತ್ತಲೇ ಕಾಫಿ ಕೊಟ್ಟರು. ಆಮೇಲೆ ಪ್ರತಿ ಭಾನುವಾರ ನನಗೆ ಪಾಠ. ಆ ಸೋಪಿನ ತುಂಡುಗಳನ್ನು ಒಂದು ಕಣ್ಣು ಮುಚ್ಚಿ ನೋಡಿಸುವರು, ಎಬ್ಬಿಸಿ ನಿಲ್ಲಿಸಿ ನೋಡಿಸುವರು, ಬರೆಯಲು ಮಾತ್ರ ಬಿಡರು. "ಇನ್ನೂ ನೋಡ್ನಿಲ್ಲ ನೀನು, ಇನ್ನೊಂದ್ ಸಲ ನೋಡು" ಎಂಬುದು ಅವರ ಬಾಯಲ್ಲಿ ಸದಾ ಇದ್ದ ಮಾತು.

ಮಕ್ಕಳಿಗೆ ಮೊದಲ ಪಾಠ ನೀವೇ ಮಾಡಿ ಸಾರ್ ಎಂದು ಕೇಳಿಕೊಂಡೆ. ಅವರಿಗೆ ಆಸೆಯಿತ್ತು, ಮುಖದಲ್ಲೇ ಕಾಣುತ್ತಿತ್ತು. "ಬ್ಯಾಡ ಕಣವ್ವ. ಐಕ್ಳು ನಗ್ತವೆ. ಈ ವಯಸ್ಸಲ್ಲಿ ತಡಕಳಕಾಗಲ್ಲ" ಎಂದರು. ಕಾಡಿ ಬೇಡಿ ಒಪ್ಪಿಸಿದೆ. ಬಸ್ಸಿನಲ್ಲಿ ಹನೂರು ದಾಟಿದ ಮೇಲೂ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದೇ ಕೂತಿದ್ದರು.

ಬೋರ್ಡಿನ ಮೇಲೆ ಅವರೆಳೆದ ಮೊದಲ ಗೆರೆಯೇ ಸೊಟ್ಟಗಾಯಿತು. ಹಿಂದಿನ ಸಾಲಿನವರು ಕಿಸಕ್ಕೆಂದರು. ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟು, "ನನ್ ಕೈಲಿ ಆಗದು. ಮೇಲಿಂದ ನೋಡ್ದಂಗೆ ನೀವೇ ಬರೀರಿ, ಏನಾದ್ರೂ ಸರಿ" ಎಂದರು. ಹುಡುಗಿಯೊಬ್ಬಳು ಬಂದು ದೊಡ್ಡದೊಂದು ಮೊಟ್ಟೆಯಾಕಾರ ಬರೆದಳು. ಮುಂದುಗಡೆ ಮೊರದಂಥ ಎರಡು ಕಿವಿ, ಸೊಂಡಿಲು, ನಡುವೆ ಉದ್ದಕ್ಕೂ ಬೆನ್ನುಮೂಳೆ. ಆನೆ! "ರಾಗಿ ಕಾಯಕೆ ಅಪ್ಪನ್ ಜೊತೆ ಮರದ್ ಮೇಲೆ ಅಟ್ಟಣೇಲಿ ಕುಂತಿರ್ತೀನಿ ಸಾ. ಬೆಳದಿಂಗ್ಳಿತ್ತು, ಕೆಳಗೇ ಬಂದಿತ್ತು" ಎಂದಳು. ನಾನು ಚಪ್ಪಾಳೆ ತಟ್ಟಿದೆ, ಮಕ್ಕಳೂ ತಟ್ಟಿದರು. ಮೇಷ್ಟ್ರು ತಟ್ಟಲಿಲ್ಲ.

ವಾಪಸು ಬರುವಾಗ, ಪಾಠ ಚೆನ್ನಾಯಿತು ಸಾರ್ ಎಂದೆ. ಕಿಟಕಿಯಾಚೆ ನೋಡುತ್ತಲೇ, "ನಾನು ನನ್ ಕೈ ಚಿಂತೇಲೇ ಬಂದೆ ಕಣವ್ವ. ಬೆನ್ ಮೂಳೆ ಕಾಣ್ಬೇಕಾದ್ರೆ ಆನೆ ಎಷ್ಟು ಅತ್ರ ನಿಂತಿರ್ಬೇಕು? ಆ ಮಗಿ ಕೈ ನಡುಗಿರಕಿಲ್ವಾ?" ಎಂದರು.

ಮತ್ತೆ ಅವರಿಗೆ ಶಾಲೆಗೆ ಬರಲಾಗಲಿಲ್ಲ. ಸಂಕ್ರಾಂತಿಗೆ ಮುಂಚೆಯೇ ತೀರಿಕೊಂಡರು. ಈಗ ಡ್ರಾಯಿಂಗ್ ಪಾಠ ನನ್ನದೇ. ಮಕ್ಕಳು ಏನೇ ಬರೆದು ತಂದು ತೋರಿಸಲಿ, ಗೆರೆ ಸರಿಯಿದೆಯೇ ಎಂದು ನೋಡುವ ಮೊದಲು ಕೇಳುತ್ತೇನೆ: ಇದನ್ನು ನೋಡಿದಾಗ ನೀನು ಎಲ್ಲಿದ್ದೆ, ಜೊತೆಗೆ ಯಾರಿದ್ದರು?