ಬೆನ್ನು ತಿರುಗಿಸಿ ಕೂರುವ ಲಾಂಡ್ರಿಯಕ್ಕ

ಒದ್ದೆ ನಾಯಿ ಎಳೆಬಿಸಿಲಿಗೆ ಒಣಗುವಾಗ ಒಂದು ವಾಸನೆ ಬರುತ್ತದೆ. ಅರ್ಧ ಮಣ್ಣಿನದು, ಅರ್ಧ ಹಳೆಯ ಉಣ್ಣೆಯದು. ನಾನು ಚಿಕ್ಕವಳಿದ್ದಾಗ ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಅದು ಸದಾ ಇರುತ್ತಿತ್ತು. ಅಮ್ಮ ಮೂಗು ಮುಚ್ಚಿಕೊಂಡು ಬೈಯುತ್ತಿದ್ದಳು, ಬೈಯುತ್ತಲೇ ನಾಯಿ ಒರೆಸಲು ತನ್ನ ಟವೆಲ್ ಎಸೆಯುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಆ ವಾಸನೆ ನನಗೆ ಮತ್ತೆ ಸಿಕ್ಕಿದ್ದು, ಮುಚ್ಚಿಹೋದ ಮರದ ಮಿಲ್ಲಿನ ಹಿಂದಿರುವ ಒಂದು ಪುಟ್ಟ ಪ್ರಾಣಿ ರಕ್ಷಣಾ ಕೇಂದ್ರದಲ್ಲಿ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಚಾವಣಿಯ ಕೆಳಗೆ ಹೆಂಗಸೊಬ್ಬರು ದೊಡ್ಡ ಹಂಡೆಯಲ್ಲಿ ಕುದಿಯುವ ನಾಯಿ ಹೊದಿಕೆಗಳನ್ನು ಕೋಲಿನಿಂದ ಮಗುಚುತ್ತಿದ್ದಾರೆ. ಎಲ್ಲರ ಬಾಯಲ್ಲೂ ಇವರು ಲಾಂಡ್ರಿಯಕ್ಕ. ಎಳೆಯ ವಯಸ್ಸಿನಲ್ಲೇ ಅಮ್ಮನ ಜೊತೆ ಆಸ್ಪತ್ರೆಯ ಲಾಂಡ್ರಿಗೆ ಸೇರಿದವರು. ಯಂತ್ರಗಳು ಬಂದವು, ಕೆಲಸ ಹೋಯಿತು.

"ಒಂದು ವಾರ ಬಟ್ಟೆ ಒಗೆದುಕೊಡಿ ಅಂತ ಇಲ್ಲಿನ ಡಾಕ್ಟರು ಕರೆದ್ರು ಅಮ್ಮಾ. ಹನ್ನೊಂದು ವರ್ಷ ಆಯ್ತು. ಆ ವಾರ ಇನ್ನೂ ಮುಗಿದಿಲ್ಲ ನೋಡಿ!"

ಇಲ್ಲಿರುವುದು ಇಪ್ಪತ್ತಾರು ನಾಯಿಗಳು. ಒಗೆತ, ಅಡುಗೆ, ಕೋಣೆ ತೊಳೆಯುವುದು, ಎಲ್ಲವೂ ಇವರದೇ. ಆದರೆ ಇವರ ನಿಜವಾದ ಕೈಚಳಕ ಹೆದರಿದ ನಾಯಿಗಳ ಜೊತೆಗಿನದು. ಒಣಗಿದ ಬಟ್ಟೆಯ ರಾಶಿ ತಂದು, ನಾಯಿಗೆ ಬೆನ್ನು ಹಾಕಿ ಕೂತು, ಮಡಚತೊಡಗುತ್ತಾರೆ. ನಾಯಿ ತಾನಾಗಿ ಬಂದು ಮೂಸುವವರೆಗೆ ತಿರುಗಿ ನೋಡುವುದಿಲ್ಲ.

"ಮುಖ ನೋಡಿದ್ರೆ ಅದರ ಹತ್ರ ಏನೋ ಕೇಳಿದ ಹಾಗಾಗುತ್ತೆ. ಬೆನ್ನು ಏನೂ ಕೇಳಲ್ಲ," ಎನ್ನುತ್ತಾರೆ.

ಕೊನೆಯ ಕೋಣೆಯಲ್ಲಿ ಕಂಬಳಿ ಎಂಬ ಗಂಡುನಾಯಿ ಇದ್ದಾನೆ. ವಯಸ್ಸು ಒಂದು ವರ್ಷ, ಎತ್ತರ ಕರುವಿನಷ್ಟು, ಇನ್ನೂ ಬೆಳೆಯುವ ಜಾತಿ. ಚಮಚ ಬಿದ್ದ ಸದ್ದಾದರೂ ತಲೆಯನ್ನು ಹೊದಿಕೆಯೊಳಗೆ ತೂರಿಸುತ್ತಾನೆ, ಮಿಕ್ಕ ಮೈಯೆಲ್ಲ ಹೊರಗೇ. "ಯಾರಿಗೂ ಕಾಣಲ್ಲ ಅಂದ್ಕೊಂಡಿದೆ, ಪೆದ್ದು," ಎಂದು ಲಾಂಡ್ರಿಯಕ್ಕ ನಗುತ್ತಾರೆ.

ಬಂದ ಹೊಸದರಲ್ಲಿ ಅವನು ಏನೂ ಮುಟ್ಟುತ್ತಿರಲಿಲ್ಲವಂತೆ. ನೋಡಲಾಗದೆ ಇವರು ಕೈತುತ್ತು ಕೊಟ್ಟರು. ತಿಂದ. ಆಮೇಲೆ ಆ ಕೈ ಬಿಟ್ಟು ಬೇರೆ ಯಾರ ಕೈಯನ್ನೂ ಒಪ್ಪಲಿಲ್ಲ. ಕರೆದೊಯ್ದ ಒಂದು ಕುಟುಂಬ ಐದನೇ ದಿನ ವಾಪಸ್ ತಂದು ಬಿಟ್ಟಿತು, ಪಕ್ಕೆಲುಬು ಎಣಿಸುವಂತಾಗಿದ್ದ. ಡಾಕ್ಟರು ನೇರವಾಗಿಯೇ ಹೇಳಿದರು: "ಅಕ್ಕಾ, ನಿಮ್ಮ ಪ್ರೀತಿನೇ ಇವನನ್ನ ಕಟ್ಟಿಹಾಕಿದೆ. ಈ ಗೂಡಲ್ಲಿ ಇವನು ಬೆಳೆಯೋಕಾಗಲ್ಲ. ಇನ್ನೊಬ್ಬರ ಕೈಯಲ್ಲಿ ತಿನ್ನೋವರೆಗೂ ಇವನಿಗೆ ಮನೆ ಇಲ್ಲ."

ಅಂದಿನಿಂದ ಲಾಂಡ್ರಿಯಕ್ಕ ಆ ಕೋಣೆಗೆ ಕಾಲಿಟ್ಟಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ, ತನ್ನ ವಾಸನೆ ಅವನಿಗೆ ತಾಗದಂತೆ ಅಂಗಳ ಸುತ್ತಿಕೊಂಡು ಓಡಾಡುತ್ತಾರೆ. ಡಾಕ್ಟರು ಬಟ್ಟಲಲ್ಲಿ ಇಟ್ಟುಹೋದದ್ದನ್ನು ಕಂಬಳಿ ಯಾರೂ ಇಲ್ಲದಾಗ ಅರ್ಧಂಬರ್ಧ ತಿನ್ನುತ್ತಾನೆ.

ಈಗ ಒಳಗೆ ಬೆನ್ನು ತಿರುಗಿಸಿ ಕೂರುವವರು ನಿವೃತ್ತ ಬಸ್ ಕಂಡಕ್ಟರ್ ಒಬ್ಬರು. ಕಂಬಳಿ ತಮಗೇ ಬೇಕೆಂದು ಪಟ್ಟು ಹಿಡಿದಿದ್ದಾರೆ.

"ನನ್ನ ಗಂಟಲು ನೋಡಿ ಅಮ್ಮಾ," ಎಂದು ಕೋಣೆಯ ಅರ್ಧಬಾಗಿಲ ಮೇಲಿಂದ ಬಾಗಿ ನನ್ನ ಕಿವಿಯ ಹತ್ತಿರ ಪಿಸುಗುಡುತ್ತಾರೆ. "ಮನೇಲಿ ಬಾಯಿ ತೆಗೆದ್ರೆ ಪಕ್ಕದ ಮನೆಯವರು ಇಳಿಯೋಕೆ ರೆಡಿಯಾಗ್ತಾರೆ. ಇಲ್ಲಿ ಕೆಮ್ಮೋಕೂ ಭಯ."

ಗೋಡೆಯಾಚೆಯಿಂದ ಲಾಂಡ್ರಿಯಕ್ಕನ ಮೆಲುದನಿ: "ಕಂಡಕ್ಟರಣ್ಣ, ಅದು ಹೊದಿಕೆ, ಟಿಕೆಟ್ ಅಲ್ಲ. ಪರಪರ ಅನ್ನಿಸಬೇಡಿ. ನಿಧಾನಕ್ಕೆ ಮಡಚಿ."

ಕಂಬಳಿಯಿಂದ ದೂರ ಇರಲು ಬೇಜಾರಾಗುವುದಿಲ್ಲವೇ ಎಂದು ಲಾಂಡ್ರಿಯಕ್ಕನನ್ನು ಕೇಳುತ್ತೇನೆ. ಅವರು ಹಂಡೆಯ ಉರಿ ತಗ್ಗಿಸುತ್ತಾರೆ.

"ಆಗದೇ ಇರುತ್ತಾ? ಲಾಂಡ್ರೀಲಿ ನಮ್ಮಮ್ಮ ಹೇಳೋಳು, ನಾವು ಒಗೆದ ಬಟ್ಟೆ ಮೇಲೆ ಯಾರು ಮಲಗಿದ್ರು, ಯಾರು ವಾಸಿಯಾಗಿ ಎದ್ದುಹೋದ್ರು, ನಮಗೆ ಗೊತ್ತಾಗಲ್ಲ ಕಣೇ. ಮನೆಗೆ ಹೋದ್ರಲ್ಲ, ಸಾಕು ಅಂತ. ಇವನೂ ಹೋಗಲಿ ಅಮ್ಮಾ. ಅಷ್ಟೇ."

ಅನ್ನಕ್ಕೆ ಬೆಂದ ಮಾಂಸ ಕಲಸುತ್ತಾರೆ. ಅಭ್ಯಾಸಬಲದಿಂದ ಬೆರಳುಗಳು ತುತ್ತು ಕಟ್ಟುತ್ತವೆ. ಅದನ್ನು ಮತ್ತೆ ಬಟ್ಟಲಿಗೆ ಬಿಟ್ಟು, ಕೈ ತೊಳೆದು, ಚಮಚದಲ್ಲಿ ಸ್ವಲ್ಪ ತೆಗೆದು ಅರ್ಧಬಾಗಿಲ ಮೇಲಿಂದ ಕಂಡಕ್ಟರರ ಅಂಗೈಗೆ ಹಾಕಿ ಪಕ್ಕಕ್ಕೆ ಸರಿಯುತ್ತಾರೆ. ಕಂಡಕ್ಟರ್ ಆ ಕೈಯನ್ನು ಬೆನ್ನ ಹಿಂದೆ ಚಾಚಿ, ಗೋಡೆ ನೋಡುತ್ತಾ ಕೂರುತ್ತಾರೆ.

ಹೊದಿಕೆ ಅಲುಗುತ್ತದೆ. ದೊಡ್ಡ ಮೂಗೊಂದು ಹೊರಬಂದು ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಮೊದಲು ಮಣಿಕಟ್ಟು ಮೂಸುತ್ತದೆ, ಆಮೇಲೆ ಬೆರಳು. ಕೊನೆಗೆ ಒಂದು ನಾಲಿಗೆ, ಅಂಗೈ ತುಂಬ.

ಕಂಡಕ್ಟರ್ ಕೆಮ್ಮನ್ನೂ ನುಂಗಿಕೊಂಡು ಗೋಡೆಯನ್ನೇ ನೋಡುತ್ತಾರೆ. ಇನ್ನೊಂದು ಕೈಯನ್ನು ಬಾಗಿಲಿನತ್ತ ಮೇಲಕ್ಕೆ ಚಾಚುತ್ತಾರೆ. ಗೋಡೆಗೆ ಒರಗಿ ನಿಂತಿದ್ದ ಲಾಂಡ್ರಿಯಕ್ಕ, ಒಳಗೆ ಇಣುಕದೆ, ಇಡೀ ಬಟ್ಟಲನ್ನು ಆ ಕೈಗೆ ಇಡುತ್ತಾರೆ.