ಬೇವಿನ ಗಿಡಕ್ಕೆ ಕಟ್ಟಿದ ಹಗ್ಗ

ನನ್ನ ಜೀಪಿಗೆ ವಿಂಚ್ ಕೂಡಿಸಿದ್ದು ಷೋಕಿಗಲ್ಲ, ಸಿಟ್ಟಿಗೆ. ಬಸವಕಲ್ಯಾಣದ ನಮ್ಮ ಓಣಿಯವರು ಬಂಪರಿನ ಮೇಲೆ ಕೂತಿರುವ ಆ ಮೋಟಾರು, ಅದರ ಡ್ರಮ್ಮಿಗೆ ಸುತ್ತಿದ ಉಕ್ಕಿನ ಹಗ್ಗ, ತುದಿಯ ಕೆಂಪು ಕೊಕ್ಕೆ ನೋಡಿ, ಯಾವ ಗುಡ್ಡ ಹತ್ತುತ್ತೀರಿ ಎಂದು ಕೇಳುತ್ತಾರೆ. ನಾನು ಯಾವ ಗುಡ್ಡವನ್ನೂ ಹತ್ತುವುದಿಲ್ಲ. ಘಾಟಬೋರಾಳದಲ್ಲಿ ಅಪ್ಪ ಬಿಟ್ಟುಹೋದ ಹೊಲಕ್ಕೆ ಹೋಗುತ್ತೇನೆ, ಬರುತ್ತೇನೆ. ಆ ದಾರಿ ಮಳೆಗಾಲದಲ್ಲಿ ಆನೆಯನ್ನೂ ನುಂಗುತ್ತದೆ.

ಅಪ್ಪನಿಗೆ ನಾನೊಬ್ಬಳೇ. ಅವನ ಹೊಲದ ಮಗ್ಗುಲಲ್ಲಿ ಅವನ ತಮ್ಮನ ಹೊಲ, ಅಂದರೆ ನನ್ನ ಕಾಕಾನದು. ಅಪ್ಪ ತೀರಿಕೊಂಡ ಮೇಲೆ ಕಾಕಾ ಊರ ಹಿರಿಯರನ್ನು ಕೂಡಿಸಿ, ಕೊಟ್ಟ ಹೆಣ್ಣಿಗೆ ಹೊಲ ಯಾಕ, ನಾನೇ ಮಾಡ್ತೀನಿ ಎಂದ. ನಾನು ಎದ್ದು ನಿಂತು ನಾನೇ ಬಿತ್ತುತ್ತೇನೆ ಎಂದೆ. ಹಿರಿಯರು ಗಡ್ಡ ಕೆರೆದುಕೊಂಡು ತೀರ್ಮಾನ ಹೇಳಿದರು: ಈ ಮಿರಗದ ಮಳೆಗೆ, ಅಂದರೆ ಮೃಗಶಿರಾ ಮಳೆಗೆ, ಬಿತ್ತಿದರೆ ಹೊಲ ಅವಳ ಕೈಯಲ್ಲೇ ಇರಲಿ, ಬಿತ್ತಲಾಗದಿದ್ದರೆ ಕಾಕಾ ಮಾಡಲಿ. ಕಾಗದದ ಮೇಲೆ ಹೊಲ ನನ್ನದೇ. ಆದರೆ ನಮ್ಮ ಕಡೆ ಒಂದು ಸಲ ಇನ್ನೊಬ್ಬರ ಕೂರಿಗೆ ಹೊಲಕ್ಕೆ ಇಳಿದರೆ ಆಮೇಲೆ ಕಾಗದ ಗೋಡೆಗೆ ತೂಗುಹಾಕಲಿಕ್ಕೆ ಮಾತ್ರ ಬರುತ್ತದೆ. ಅದು ನನಗೂ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು.

ಎರಡೂ ಹೊಲಗಳ ನಡುವಿನ ಬದುವಿನ ಮೇಲೆ ಒಂದು ಬೇವಿನ ಗಿಡವಿದೆ. ಸುತ್ತಲಿನ ಎರೆ ಭೂಮಿಯಲ್ಲಿ ಕಣ್ಣು ಹಾಯುವಷ್ಟು ದೂರ ಗಟ್ಟಿಯಾಗಿ ನಿಂತದ್ದು ಅದೊಂದೇ. ಅದು ಯಾರದೆಂಬುದು ನಾನು ಹುಟ್ಟುವ ಮೊದಲಿನಿಂದ ನಡೆದ ಜಗಳ. ಎಳ್ಳಮಾಸೆಯ ದಿನ ಎಲ್ಲರೂ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಪೂಜೆ ಮಾಡಿ, ಹೊಲದ ಅಂಚು ಹಿಡಿದು ಸುತ್ತ ನಡೆಯುತ್ತ ಅನ್ನ ಚೆಲ್ಲುತ್ತಾರೆ. ಚರಗ ಎನ್ನುತ್ತೇವೆ ಅದಕ್ಕೆ. ಚರಗ ಸುತ್ತಿದ ನೆಲ ಸುತ್ತಿದವರದು ಎಂಬುದು ಬಾಯಲ್ಲಿ ಹೇಳದ ಕಾಯಿದೆ. ಅಪ್ಪ ಬೇವಿನ ಗಿಡದ ಆಚೆಯಿಂದ ಸುತ್ತುತ್ತಿದ್ದ, ಕಾಕಾ ಅದರ ಈಚೆಯಿಂದ ಸುತ್ತುತ್ತಿದ್ದ. ಹೀಗಾಗಿ ಆ ಗಿಡಕ್ಕೆ ಪ್ರತಿವರ್ಷ ಎರಡು ಮನೆಯ ಊಟ. ಅಣ್ಣತಮ್ಮಂದಿರಿಗೆ ಮಾತ್ರ ಪರಸ್ಪರ ಬೈಗುಳ.

ರೋಹಿಣಿ ಮಳೆ ಬಿದ್ದ ಮಾರನೆಯ ದಿನ ಜೀಪು ಹೊಲದ ದಾರಿಯಲ್ಲಿ ಅಚ್ಚಿನವರೆಗೆ ಹೂತಿತು. ನಾಲ್ಕು ಗಾಲಿಗೂ ಬಲ ಹೋಗುವ ಜೀಪು, ನಾಲ್ಕೂ ಗಾಲಿ ಒಟ್ಟಿಗೇ ತಿರುಗಿ ಒಟ್ಟಿಗೇ ತಗ್ಗು ತೋಡಿದವು. ಕಾಕಾ ಟ್ರ್ಯಾಕ್ಟರ್ ತಂದ. ಸರಪಳಿ ಹಾಕುವ ಮುಂಚೆ ಎಂಜಿನ್ ಬಂದ್ ಮಾಡಿ ಇಳಿದ.

"ಹೊಲ ಬಿಟ್ಟೆ ಅಂತ ಒಂದ್ ಮಾತು ಹೇಳು. ಎಳದ ಡಾಂಬರ್ ರಸ್ತಾಕ್ಕ ಬಿಡ್ತೀನಿ."

"ನಿನ್ನ ಸರಪಳಿ ನಿನ್ನ ಕೊರಳಿಗೇ ಹಾಕ್ಕೋ" ಎಂದೆ.

ಅವನು ನನ್ನ ಜಡೆ ಹಿಡಿದು ಜೀಪಿನಿಂದ ಕೆಳಗೆಳೆದ. ಕೆಸರಿನಲ್ಲಿ ಮೊಣಕಾಲೂರಿದ ನನಗೆ ಕಪಾಳಕ್ಕೆ ಹೊಡೆದ, ಇನ್ನೊಮ್ಮೆ ಹೊಡೆದ. ಹಾಯುತ್ತಿದ್ದ ಜನ ನಿಂತು ನೋಡಿದರು. ಒಬ್ಬನೂ ಮುಂದೆ ಬರಲಿಲ್ಲ. ಅಣ್ಣನ ಮಗಳಿಗೆ ಕಾಕಾ ಬುದ್ಧಿ ಹೇಳುತ್ತಿದ್ದಾನೆ, ಅದರಲ್ಲಿ ನಮ್ಮದೇನು ಎಂಬಂತೆ ಅವರ ಮುಖ. ಅವನು ಸರಪಳಿ ಸುತ್ತಿಕೊಂಡು ಹೋದ. ಬಾಯಿಯ ರಕ್ತವನ್ನು ಉಗುಳುತ್ತ ನಾನು ಡಾಂಬರು ರಸ್ತೆಯವರೆಗೆ ನಡೆದೆ. ಅಳಲಿಲ್ಲ. ಅವನನ್ನು ಕೊಲ್ಲುವುದು ಹೇಗೆಂದು ಯೋಚಿಸಿದೆ, ಮನೆ ಮುಟ್ಟುವತನಕ ಅದನ್ನೇ ಯೋಚಿಸಿದೆ.

ನನ್ನ ಗಂಡ ಹುಮನಾಬಾದಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು, ಇರುವೆಯನ್ನೂ ದಾಟಿ ನಡೆಯುವ ಮನುಷ್ಯ. "ಯಾರನ್ನೂ ಕರೀಲಾರದಂಗ ಗಾಡಿ ತಾನೇ ಹೊರಗ ಬರಬೇಕು. ಅಂಥಾದೊಂದು ಮಿಷಿನ್ ಬರ್ತದ" ಎಂದವನು ಅವನೇ.

ಮಾರನೆಯ ದಿನ ಬಾಡಿಗೆ ಎತ್ತುಗಳಿಂದ ಜೀಪು ಎಳೆಸಿಕೊಂಡು ಹೆದ್ದಾರಿ ಪಕ್ಕದ ಗ್ಯಾರೇಜಿಗೆ ಹೋದೆವು. ಅಲ್ಲಿನ ಮಿಸ್ತ್ರಿ ಬಾಯಿಬಡುಕ. ಹೆಂಗಸಿಗೆ ಈ ಉಸಾಬರಿ ಯಾಕೆಂದು ಶುರು ಮಾಡಿದವನು ನನ್ನ ಊದಿದ ತುಟಿ ನೋಡಿ ಕೆಲಸಕ್ಕೆ ಕೈ ಹಾಕಿದ. ಚಾಸಿಗೆ ದಪ್ಪ ಕಬ್ಬಿಣದ ತಟ್ಟೆ ಬೆಸೆದು ಅದರ ಮೇಲೆ ವಿಂಚ್ ಕೂಡಿಸಿದ. ಹಳೆಯ ಬ್ಯಾಟರಿ ಈ ಮೋಟಾರಿಗೆ ಸಾಲದೆಂದು ದೊಡ್ಡದು ಹಾಕಿದ. ಸೀಟಿನಲ್ಲೇ ಕೂತು ಒತ್ತಲು ಉದ್ದ ವೈರಿನ ರಿಮೋಟ್ ಕೊಟ್ಟ. ಒಂದು ಗುಂಡಿ ಹಗ್ಗ ಸುತ್ತಲಿಕ್ಕೆ, ಇನ್ನೊಂದು ಬಿಡಲಿಕ್ಕೆ.

"ಅಕ್ಕಾರ, ಎದಕ್ಕ ಕಟ್ತೀರಿ?" ಎಂದು ಕೇಳಿದ. "ಗಾಡಿ ತಾನೇ ಬರ್ತದ ಅಂತ ಜನ ತಿಳೀತಾರ. ಮುಂದ ಒಂದು ಗಟ್ಟಿ ಆಸರಿ ಇಲ್ಲಂದ್ರ ಇದು ಬರೇ ಹೊರೂ ವಜ್ಜಿ ನೋಡ್ರಿ."

"ಬೇವಿನ ಗಿಡ ಅದ" ಎಂದೆ. ಯಾರದೆಂದು ಅವನು ಕೇಳಲಿಲ್ಲ.

ಆಮೇಲೆ ಅವನು ತನ್ನ ಗದ್ದ ಎತ್ತಿ ಕೊರಳಿನ ಅಡ್ಡ ಗಾಯದ ಗುರುತು ತೋರಿಸಿದ. ಲಾರಿ ಎಳೆಯುವಾಗ ಹರಿದ ಹಗ್ಗದ ತುದಿ ಸವರಿಕೊಂಡು ಹೋದದ್ದಂತೆ. ಪಕ್ಕದಲ್ಲಿ ನಿಂತವನ ಕಾಲು ಮೊಣಕಾಲಿನಿಂದ ಅಲ್ಲೇ ಬೇರೆಯಾಗಿ ಬಿತ್ತಂತೆ. "ಬಿಗದ ಹಗ್ಗ ಕಡದ್ರ ಅದು ಹಗ್ಗ ಇರೂದಿಲ್ರಿ, ತಲವಾರ ಆಗ್ತದ. ದಾಟಬ್ಯಾಡ್ರಿ, ಹತ್ರ ಯಾರನ್ನೂ ಬಿಡಬ್ಯಾಡ್ರಿ. ಹಸಿ ಗೋಣಿಚೀಲ ನಡುವ ಹಾಕ್ರಿ, ಹರದ್ರೂ ಕೆಳಗ ಬೀಳ್ತದ. ಗಿಡಕ್ಕ ಅಗಲ ಪಟ್ಟಾ ಸುತ್ರಿ, ಹಗ್ಗ ಸುತ್ತಿದ್ರ ತೊಗಟಿ ಸುಲೀತದ." ಚರ್ಮದ ಕೈಗವಸು ಕೊಟ್ಟು ಕಳಿಸಿದ.

ಬೇರೆ ಆಸರೆ ಹುಡುಕಲಿಲ್ಲವೆಂದಲ್ಲ. ಹೆಚ್ಚುವರಿ ಗಾಲಿಯನ್ನು ತಗ್ಗು ತೆಗೆದು ಹೂಳಿ ಅದಕ್ಕೆ ಕೊಕ್ಕೆ ಹಾಕಿ ನೋಡಿದೆ. ಹಸಿ ಎರೆ ಮಣ್ಣಿನಿಂದ ಅದು ಮೂಲಂಗಿಯ ಹಾಗೆ ಕಿತ್ತು ಬಂತು. ಉಳಿದದ್ದು ಬೇವು.

ಮಿರಗ ಸುರಿಯಿತು, ನಿಂತಿತು. ಹೊಲಕ್ಕೆ ಹದ ಬಂತು, ದಾರಿಗೆ ಮಾತ್ರ ಬರಲಿಲ್ಲ. ಗಂಡ ಪಾಳಿಯಲ್ಲಿದ್ದ. ನಾನು ತೊಗರಿ ಬೀಜ, ಗೊಬ್ಬರ ಹೇರಿಕೊಂಡು ಬೆಳಿಗ್ಗೆಯೇ ಹೊರಟೆ. ಎತ್ತು ಕೂರಿಗೆ ತರುವವರು ಮಧ್ಯಾಹ್ನಕ್ಕೆ ಬರುವುದಿತ್ತು. ಅವತ್ತು ತಪ್ಪಿದರೆ ಅವರು ಬೇರೆಯವರ ಹೊಲಕ್ಕೆ, ನನ್ನ ಹೊಲ ಕಾಕಾನಿಗೆ. ಬೇವಿನ ಗಿಡ ಕಾಣುವಷ್ಟು ಹತ್ತಿರ ಬಂದಾಗ ಜೀಪು ಮುಂದಿನ ಗಾಲಿಗಳನ್ನು ಕೆಸರಿಗೆ ಕೊಟ್ಟು ಕೂತುಬಿಟ್ಟಿತು.

ಇಳಿದೆ. ಹಗ್ಗ ಎಳೆದುಕೊಂಡು ಹೋಗಿ ಗಿಡದ ಬುಡಕ್ಕೆ ಪಟ್ಟಾ ಸುತ್ತಿ ಕೊಕ್ಕೆ ಹಾಕಿದೆ. ಗೋಣಿಚೀಲವನ್ನು ಕೆಸರು ನೀರಿನಲ್ಲಿ ಅದ್ದಿ ಹಗ್ಗದ ನಡುವೆ ಹೊದಿಸಿದೆ. ಸೀಟಿಗೆ ಬಂದು ಗುಂಡಿ ಒತ್ತಿದೆ. ಮೋಟಾರು ಗುರುಗುಟ್ಟಿತು, ಹಗ್ಗ ನೆಲದಿಂದೆದ್ದು ಗೆರೆ ಹೊಡೆದಂತೆ ನೆಟ್ಟಗಾಯಿತು. ಗಿಡದ ಎಲೆಗಳು ಅಲುಗಿದವು. ಜೀಪು ಒಂದು ಗೇಣು ಮೇಲೆದ್ದಿತು. ನನಗೆ ಅಪ್ಪ ಎದೆಯ ಮೇಲೆ ಎತ್ತಿಕೊಂಡಷ್ಟು ಸಂತೋಷವಾಯಿತು.

ನಮ್ಮ ಕಡೆ ಗಿಡಕ್ಕೆ ದನ ಕಟ್ಟಿದವನೇ ಗಿಡದ ಒಡೆಯ. ಬೇರೆಯವರ ಗಿಡಕ್ಕೆ ಒಂದು ಕರುವನ್ನು ಕಟ್ಟಬೇಕಾದರೂ ಕೇಳುತ್ತಾರೆ. ನಾನು ಗುಂಡಿ, ಪಟ್ಟಾ, ಗೋಣಿಚೀಲ ಎಲ್ಲ ನೆನಪಿಟ್ಟು ಇದೊಂದನ್ನು ಮರೆತಿದ್ದೆ. ಕಾಕಾ ತನ್ನ ಹೊಲದಿಂದ ನೋಡಿದ್ದು ವಿಂಚನ್ನಲ್ಲ. ಅಣ್ಣನ ಮಗಳು ಬೇವಿನ ಗಿಡಕ್ಕೆ ಹಗ್ಗ ಕಟ್ಟಿದ್ದನ್ನು ನೋಡಿದ. ಕೊಡಲಿ ಹಿಡಿದು ಓಡಿಬಂದ. ಅವನ ಹಿಂದೆ ಬುತ್ತಿಗಂಟು ಹಿಡಿದ ಕಾಕು, ಅವನ ಹೆಂಡತಿ, ಏದುಸಿರು ಬಿಡುತ್ತ ಬಂದಳು.

"ಯಾರಪ್ಪನ ಗಿಡಕ್ಕ ಕಟ್ಟೀದಿ? ಇವತ್ತ ನಿನ್ನ ಹಗ್ಗನೂ ಇಲ್ಲ, ನೀನೂ ಇಲ್ಲ."

"ಕಾಕಾ, ದೂರ ಸರಿ. ಹಗ್ಗ ಬಿಗಿ ಅದ. ಕಡದ್ರ ನೀ ಉಳಿಯೂದಿಲ್ಲ."

ಅವನಿಗೆ ಅದು ಬೆದರಿಕೆಯಾಗಿ ಕೇಳಿಸಿತು. ಹಗ್ಗದ ಮಗ್ಗುಲಲ್ಲೇ, ಎದೆ ಅದರತ್ತ ತಿರುಗಿಸಿ ನಿಂತ. ಅಂಗೈಗೆ ಉಗುಳಿಕೊಂಡು ಕೊಡಲಿಯ ಕಾವು ಬಿಗಿಹಿಡಿದ. ನನ್ನ ಹೆಬ್ಬೆರಳು ರಿಮೋಟಿನ ಮೇಲಿತ್ತು. ನಾನೇನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಜಡೆ ಹಿಡಿದೆಳೆದ ಕೈ, ಕಪಾಳಕ್ಕೆ ಹೊಡೆದ ಕೈ, ಎಲ್ಲ ಒಂದೇ ಏಟಿಗೆ ಹೋಗುತ್ತಿತ್ತು. ತಾನೇ ಕಡಿದು ತಾನೇ ಸತ್ತ ಎಂದು ಊರೂ ಹೇಳುತ್ತಿತ್ತು. ಕಡಿದ ಹಗ್ಗದ ಇನ್ನೊಂದು ತುದಿ ನನ್ನ ಮುಂದಿನ ಗಾಜಿಗೇ ಬರುತ್ತಿತ್ತೆಂಬುದು ಹೊಳೆದದ್ದು ಬಹಳ ಹೊತ್ತಿನ ಮೇಲೆ. ಆ ಗಳಿಗೆಯಲ್ಲಿ ಕಂಡದ್ದು ಮಿಸ್ತ್ರಿಯ ಕೊರಳಿನ ಗುರುತು, ಮತ್ತು ಅಪ್ಪನದೇ ಮೂಗಿನ ಕಾಕಾನ ಮುಖ.

ಕೊಡಲಿ ಮೇಲೆದ್ದಿತು. ನಾನು ಬಿಡುವ ಗುಂಡಿ ಒತ್ತಿದೆ.

ಹಗ್ಗ ಜೋತುಬಿದ್ದಿತು, ಗೋಣಿಚೀಲ ಕೆಸರಿಗೆ ಜಾರಿತು, ಜೀಪು ಮತ್ತೆ ಕುಸಿಯಿತು. ಕೊಡಲಿ ಸಡಿಲ ಹಗ್ಗವನ್ನು ಒತ್ತಿಕೊಂಡು ಮೆತ್ತನೆ ಮಣ್ಣಿಗೆ ಹೋಯಿತು. ಕಾಕಾ ಅದನ್ನು ಕಿತ್ತು ನಕ್ಕ. ತನಗೆ ಹೆದರಿ ಬಿಟ್ಟೆನೆಂದು ತಿಳಿದ. ನೇರ ಜೀಪಿಗೆ ಬಂದು, ಕೊಡಲಿ ತಿರುವಿ ಹಿಡಿದು, ಕಾವಿನಿಂದ ನನ್ನ ಬಲಭುಜಕ್ಕೆ ಹೊಡೆದ. ಕೊರಳ ಕೆಳಗಿನ ಎಲುಬು ಮುರಿದ ಸಪ್ಪಳ ನನ್ನ ಕಿವಿಗೇ ಕೇಳಿಸಿತು. ಎರಡನೆಯ ಏಟಿಗೆ ಕೈ ಎತ್ತಿದವನನ್ನು ಕಾಕು ಹಿಂದಿನಿಂದ ನಡು ಹಿಡಿದು ಎಳೆದಳು. ಅವನು ಮೊಣಕೈಯಿಂದ ಅವಳ ಮುಖಕ್ಕೆ ಗುದ್ದಿದ. ಅವಳು ಬಿಡಲಿಲ್ಲ. ಇಬ್ಬರೂ ಕೆಸರಿನಲ್ಲಿ ಬಿದ್ದರು, ಬುತ್ತಿಯ ರೊಟ್ಟಿಗಳು ಕೆಸರಿನಲ್ಲಿ ಬಿದ್ದವು. ಕೊನೆಗೆ ಅವನು ಎದ್ದು, ನನ್ನನ್ನು ಬೈಯುತ್ತ ಹೋದ. ಕಾಕು ಮೂಗಿನ ರಕ್ತ ಒರೆಸಿಕೊಂಡು ಹಗ್ಗದ ಕಡೆ ನೋಡಿದಳು, ನನ್ನ ಕೈಯಲ್ಲಿದ್ದ ರಿಮೋಟಿನ ಕಡೆ ನೋಡಿದಳು. ಗಂಡನ ಹಿಂದೆ ನಡೆದಳು.

ನಾನು ಎಡಗೈಯಲ್ಲಿ ಹಗ್ಗವನ್ನು ಎಳೆಯೆಳೆಯಾಗಿ ಸವರಿ ನೋಡಿದೆ. ಹರಿದಿರಲಿಲ್ಲ. ಗೋಣಿಚೀಲ ಮತ್ತೆ ಹೊದಿಸಿದೆ, ಗುಂಡಿ ಒತ್ತಿದೆ. ಜೀಪು ಹೊರಗೆ ಬಂತು. ಕೂರಿಗೆಯವರು ಬಂದು ಬಿತ್ತುವಾಗ ನಾನು ಸೀಟಿನಲ್ಲಿ ಕೂತು ನೋವಿಗೆ ವಾಂತಿ ಮಾಡಿಕೊಳ್ಳುತ್ತಿದ್ದೆ. ಸಾಲು ಮುಗಿಯುವತನಕ ಏಳಲಿಲ್ಲ.

ಪಾಳಿ ಮುಗಿಸಿ ಓಡಿಬಂದ ಗಂಡ ಠಾಣೆಗೆ ಹೋಗೋಣವೆಂದ. ನಾನು ಬೇಡವೆಂದೆ. ಅದು ಕ್ಷಮೆಯಲ್ಲ. ಹೊಲ ಬಿಟ್ಟು ಠಾಣೆಯ ಬೆಂಚಿನ ಮೇಲೆ ಕೂರಲು ನನಗೆ ಪುರುಸೊತ್ತಿರಲಿಲ್ಲ. ಕಾಕಾ ಊರೆಲ್ಲ ಹೇಳಿಕೊಂಡು ತಿರುಗಿದ: ಕೊಡ್ಲಿ ಎತ್ತಿದ್ದೇ ತಡ, ಹೆದರಿ ಹಗ್ಗ ಬಿಟ್ಲು. ಅದು ನನ್ನ ಎಲುಬಿಗಿಂತ ಹೆಚ್ಚು ನೋಯಿಸಿತು. ಕಳೆ ತೆಗೆಸುವಾಗ, ಔಷಧಿ ಹೊಡೆಸುವಾಗ, ತೊಗರಿ ಹೂ ಬಿಟ್ಟಾಗ, ಪ್ರತಿಸಲ ಆ ಗಿಡದ ಹತ್ತಿರ ಬಂದಾಗ ನನ್ನ ಹೆಬ್ಬೆರಳನ್ನೇ ಬೈದುಕೊಂಡೆ. ಉಳಿಸಿದ್ದು ಯಾರಿಗೂ ಕಾಣುವುದಿಲ್ಲ, ಹೊಡೆದದ್ದು ಮಾತ್ರ ಎಲ್ಲರಿಗೂ ಕಾಣುತ್ತದೆ.

ಎಳ್ಳಮಾಸೆ ಬಂತು. ನಾನೂ ಗಂಡನೂ ಹೊಲದಲ್ಲಿ ಪೂಜೆ ಮಾಡಿ ಚರಗದ ಬುಟ್ಟಿ ಎತ್ತಿಕೊಂಡೆವು. ಅತ್ತ ಕಾಕಾನ ಹೊಲದಲ್ಲೂ ಚರಗ ಹೊರಟಿತ್ತು. ಕಾಕು ಬುಟ್ಟಿ ಹಿಡಿದು ಮುಂದೆ ಅನ್ನ ಚೆಲ್ಲುತ್ತಿದ್ದಳು, ಕಾಕಾ ತಂಬಿಗೆಯಿಂದ ನೀರು ಚಿಮುಕಿಸುತ್ತ ಹಿಂದೆ. ಗಿಡದ ಹತ್ತಿರ ಬಂದವಳು ಬದುವನ್ನು ದಾಟಿ ಈಚೆ ಬರಲಿಲ್ಲ. ಗಿಡವನ್ನು ಹೊರಗೆ ಬಿಟ್ಟು ತನ್ನ ಹೊಲದ ಕಡೆಗೇ ಹೊರಳಿದಳು.

"ಏ, ಗಿಡ ಸುತ್ತು" ಎಂದ ಕಾಕಾ.

"ಸುತ್ತೂದಿಲ್ಲ."

ಅವನು ಎರಡು ಹೆಜ್ಜೆ ಮುಂದೆ ಬಂದು ಅವಳ ಬೆನ್ನಿಗೆ ಗುದ್ದಿದ. ಬುಟ್ಟಿ ಉರುಳಿತು. ಅವಳು ಕೂತು ಅನ್ನ ಬಳಿದು ಬುಟ್ಟಿಗೆ ತುಂಬಿಕೊಳ್ಳುತ್ತ, ತಲೆ ಎತ್ತದೆ ಹೇಳಿದಳು:

"ಇನ್ನೂ ಹೊಡೀರಿ. ನೀವು ಕೊಡ್ಲಿ ಎತ್ತಿದಾಗ ಹಗ್ಗ ಬಿಗಿ ಇತ್ತು. ಕೊಡ್ಲಿ ಬೀಳೂದ್ರಾಗ ಸಡ್ಲ ಆಗಿತ್ತು. ಅಕಿ ಗುಂಡಿ ಒತ್ತಿದ್ದು ನಾ ನೋಡೀನಿ. ಅಕಿ ಸುಮ್ನ ಕುಂತಿದ್ರ ಇವತ್ತ ಈ ಚರಗ ನಾ ಒಬ್ಬಾಕಿನೇ ಚೆಲ್ಲಬೇಕಾಗಿತ್ತು. ಅಕಿನ್ನ ಹೊಡದ್ರಿ. ಅಕಿ ಗಿಡಕ್ಕ ನಾ ಕಾಲಿಡೂದಿಲ್ಲ."

ಕಾಕಾನ ಕೈ ಮತ್ತೆ ಎದ್ದಿತ್ತು. ಅದು ಕೆಳಗೆ ಬರಲಿಲ್ಲ. ಅವನು ಬದುವಿನ ಈಚೆ ನಿಂತ ಜೀಪನ್ನು ನೋಡಿದ, ಡ್ರಮ್ಮಿಗೆ ಸುತ್ತಿದ ಹಗ್ಗವನ್ನು ನೋಡಿದ. ನನ್ನ ಕಡೆ ನೋಡಲಿಲ್ಲ. ತಂಬಿಗೆ ಹಿಡಿದುಕೊಂಡು ಹೆಂಡತಿ ಹೊರಳಿದ ಕಡೆಗೇ ಹೋದ.

ನಾನು ಬುಟ್ಟಿ ಹಿಡಿದು ಗಿಡದ ಆಚೆಯಿಂದ ಸುತ್ತಿದೆ. ಬಲಗೈ ಈಗ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಎಡಗೈಯಲ್ಲೇ ಚೆಲ್ಲಿದೆ. ಆ ವರ್ಷ ಬೇವಿನ ಗಿಡಕ್ಕೆ ಒಂದೇ ಮನೆಯ ಊಟ.